ಐದು ಗೇರಿನ ಮಾರಿಸ್ ಮೈನರ್, ಎರಡು ಥರದ ಎಣ್ಣೆ

ನನ್ನ ಹತ್ತಿರ 1965ರ ಮಾರಿಸ್ ಮೈನರ್ ಅನ್ನೋ ಬ್ರಿಟಿಷ್ ಕಾರು ಇದೆ. 1098 ಸಿಸಿಯ ಎ-ಸೀರೀಸ್ ಇಂಜಿನ್. ಹಿಂದಿನ ಮಾಲೀಕರು ಅದರ 4 ಗೇರಿನ ಬಾಕ್ಸ್ ತೆಗೆದು, ಫೋರ್ಡ್ ಸಿಯೆರಾದಲ್ಲಿ ಬರುತ್ತಿದ್ದ ಟೈಪ್ 9 ಅನ್ನೋ 5 ಗೇರಿನ ಬಾಕ್ಸ್ ಕೂರಿಸಿದ್ದರು. ಸ್ಪೀಡ್ ಹೆಚ್ಚಿಸಿದಾಗ ಇಂಜಿನ್ ಕಿರುಚಿಕೊಳ್ಳುವುದು ತಪ್ಪಿದೆ, ನಿಜ. ಆದರೆ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲದ ಎಣ್ಣೆ ಕಲೆ.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. “ಈ ಇಂಜಿನ್‌ಗೆ ಹಿಂದುಗಡೆ ಸೀಲೇ ಇಲ್ಲ, ಸೋರದೆ ಇನ್ನೇನಾಗುತ್ತೆ?” ಸುಳ್ಳೇನಲ್ಲ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ಅಂದರೆ ಕ್ರ್ಯಾಂಕ್‌ಶಾಫ್ಟ್‌ನ ಹಿಂಬದಿಯಲ್ಲಿ ರಬ್ಬರ್ ಸೀಲ್ ಬದಲು ಸ್ಕ್ರೂ ಥರ ಥ್ರೆಡ್ ಕೊರೆದಿರುತ್ತಾರೆ. ಶಾಫ್ಟ್ ತಿರುಗುವಾಗ ಆ ಥ್ರೆಡ್ಡೇ ಎಣ್ಣೆಯನ್ನು ಒಳಕ್ಕೆ ವಾಪಸ್ ತಳ್ಳುತ್ತದೆ. ಇಂಜಿನ್ ನಿಂತ ಮೇಲೆ ತಳ್ಳುವವರು ಯಾರೂ ಇಲ್ಲ, ನಾಲ್ಕು ಹನಿ ಇಳಿಯುತ್ತವೆ. ಆದರೆ ನಾಲ್ಕು ಹನಿಗೂ ಊಟದ ತಟ್ಟೆಗೂ ವ್ಯತ್ಯಾಸ ಇದೆ ಅಲ್ವಾ? ಇಂಜಿನ್ ಇಳಿಸುವ ಮುಂಚೆ ಎಲ್ಲಿಂದ ಬರುತ್ತಿದೆ ಅಂತ ಹುಡುಕೋಣ ಎಂದುಕೊಂಡೆ.

ಮೊದಲು ಸೀಮೆಎಣ್ಣೆ, ಬ್ರಷ್ ಹಿಡಿದು ಎಲ್ಲಾ ತೊಳೆದೆ. ಒಣಗಿದ ಮೇಲೆ ಅನುಮಾನ ಇದ್ದ ಕಡೆಯೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿದೆ. ಎಣ್ಣೆ ಮೇಲಿಂದ ಕೆಳಕ್ಕೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೂ ಎಳೆಯುತ್ತದೆ. ಹಾಗಾಗಿ ಹನಿ ಬೀಳುವ ಜಾಗ ನೋಡಿ ಏನೂ ತೀರ್ಮಾನ ಮಾಡಬಾರದು. ಅತಿ ಮೇಲೆ, ಅತಿ ಮುಂದೆ ಪೌಡರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿಂದ ಶುರು ಮಾಡಬೇಕು.

ನನಗೆ ಸಿಕ್ಕಿದ್ದು ಇಂಜಿನ್ ಪಕ್ಕದ ಟ್ಯಾಪೆಟ್ ಕವರ್, ಅಂದರೆ ವಾಲ್ವ್ ಎತ್ತುವ ಟ್ಯಾಪೆಟ್‌ಗಳನ್ನು ಮುಚ್ಚುವ ಮುಚ್ಚಳ. ತೆಳು ತಗಡು, ಸೋರದಂತೆ ನಡುವೆ ಕಾರ್ಕ್ ಗ್ಯಾಸ್ಕೆಟ್. ಸೋರುತ್ತಿದೆ ಅಂತ ನಾನೇ ಹಿಂದೊಮ್ಮೆ ಬೋಲ್ಟ್ ಜಾಸ್ತಿ ಬಿಗಿದಿದ್ದೆ. ಬಿಚ್ಚಿದರೆ ಕಾರ್ಕ್ ಹಿಂಡಿಕೊಂಡು ಆಚೆ ಬಂದಿತ್ತು, ಬೋಲ್ಟ್ ತೂತಿನ ಸುತ್ತ ತಗಡು ಬಟ್ಟಲಿನ ಹಾಗೆ ಒಳಕ್ಕೆ ಬಾಗಿತ್ತು. ಕಬ್ಬಿಣದ ಹಲಗೆ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿದೆ. ಹೊಸ ಕಾರ್ಕ್ ಹಾಕಿ, ಅದು ಸ್ವಲ್ಪ ಅದುಮುವಷ್ಟು ಮಾತ್ರ ಬಿಗಿದೆ. ಇಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಒಳಗೆ ಕಪ್ಪು ಕೆಸರು ಕಟ್ಟಿತ್ತು, ಅದನ್ನೂ ತೊಳೆದೆ. ಬ್ರೀದರ್ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಎಲ್ಲಾ ಗ್ಯಾಸ್ಕೆಟ್‌ಗಳಿಂದಲೂ ಎಣ್ಣೆ ಹೊರಗೆ ಬರುತ್ತದೆ, ಆಮೇಲೆ ಯಾವ ಗ್ಯಾಸ್ಕೆಟ್ ಬದಲಿಸಿದರೂ ದಂಡ.

ತಟ್ಟೆ ಚಿಕ್ಕದಾಯಿತು, ಹೋಗಲಿಲ್ಲ. ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಮುಚ್ಚಿರುವ ಗೂಡು, ಅಂದರೆ ಬೆಲ್‌ಹೌಸಿಂಗ್ ಕೆಳಗಿಂದ ಹನಿ ಬೀಳುತ್ತಲೇ ಇತ್ತು. ಕಾರು ಹೊರಡುವಾಗ ಕ್ಲಚ್ ಕೂಡ ನಡುಗಲು ಶುರುವಾಯಿತು. ಒಂದು ಹನಿ ಬೆರಳಿಗೆ ಹಚ್ಚಿ ಮೂಸಿದೆ. ಗಂಧಕದ ಘಾಟು! ಇಂಜಿನ್ ಆಯಿಲ್ ಹಾಗೆ ನಾರುವುದಿಲ್ಲ. ಇದು ಗೇರ್ ಆಯಿಲ್. ಅಷ್ಟು ದಿನ ಸುಮ್ನೆ ಇಂಜಿನ್‌ಗೆ ಬೈದಿದ್ದೆ.

ಗೇರ್‌ಬಾಕ್ಸ್ ಇಳಿಸಿದೆ. ಇಂಜಿನ್ ಕಡೆಯಿಂದ ಒಳಕ್ಕೆ ಬರುವ ಇನ್‌ಪುಟ್ ಶಾಫ್ಟ್ ಸುತ್ತ ಮುಂಭಾಗದಲ್ಲಿ ಒಂದು ಕವರ್ ಇದೆ, ಸೀಲ್ ಕೂರುವುದು ಅದರೊಳಗೆ. ಬೇರಿಂಗ್ ದಾಟಿ ಬಂದ ಎಣ್ಣೆ ವಾಪಸ್ ಬಾಕ್ಸ್ ಒಳಕ್ಕೆ ಇಳಿಯಲಿ ಅಂತ ಆ ಕವರ್‌ನಲ್ಲಿ ಒಂದು ತೋಡು ಇರುತ್ತದೆ, ಅದು ಕೆಳಮುಖವಾಗಿರಬೇಕು. ಗ್ಯಾಸ್ಕೆಟ್‌ನಲ್ಲೂ ಅದಕ್ಕೆ ಸರಿಯಾಗಿ ಕಚ್ಚು ಇರುತ್ತದೆ. ನನ್ನದರಲ್ಲಿ ಗ್ಯಾಸ್ಕೆಟ್ ತಿರುಗಿ ಕೂತಿತ್ತು. ದಾರಿ ಪೂರ್ತಿ ಮುಚ್ಚಿಹೋಗಿತ್ತು. ಎಣ್ಣೆ ಸೀಲ್ ಹಿಂದೆ ನಿಂತು ನಿಂತು ಕ್ಲಚ್ ಕಡೆಗೆ ಬರುತ್ತಿತ್ತು.

ಸೀಲ್ ತೆಗೆದು ನೋಡಿದರೆ ಇನ್ನೊಂದು ವಿಷಯ. ಅದರ ತುಟಿ ಒಂದೇ ಪಕ್ಕ ಸವೆದಿತ್ತು. ಅಂದರೆ ಶಾಫ್ಟ್ ನಡುವಿನಲ್ಲಿ ತಿರುಗುತ್ತಿಲ್ಲ. ಎರಡು ಬೇರೆ ಬೇರೆ ಕಾರಿನ ಸಾಮಾನು ಜೋಡಿಸಿದ ಮೇಲೆ ಇದನ್ನು ಅಳೆಯದೇ ಬಿಡಬಾರದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕೂದಲೆಳೆ ವ್ಯತ್ಯಾಸ ತೋರಿಸುವ ಡಯಲ್ ಗೇಜ್ ಅನ್ನು ಇಂಜಿನ್ ಹಿಂದಿನ ದೊಡ್ಡ ಚಕ್ರ, ಫ್ಲೈವೀಲ್‌ಗೆ ಕಚ್ಚಿಸಿ, ಅದರ ಮುಳ್ಳನ್ನು ಬೆಲ್‌ಹೌಸಿಂಗ್‌ನಲ್ಲಿ ಗೇರ್‌ಬಾಕ್ಸ್ ಕೂರುವ ದೊಡ್ಡ ತೂತಿನ ಒಳಗೋಡೆಗೆ ತಾಗಿಸಿದೆ. ಇಂಜಿನ್ ಕೈಯಲ್ಲಿ ಒಂದು ಸುತ್ತು ತಿರುಗಿಸಿದರೆ 0.6 ಮಿ.ಮೀ. ಓಡಿತು. ನಡುವಿನಿಂದ ನಿಜವಾಗಿ ಸರಿದದ್ದು ಅದರ ಅರ್ಧ, 0.3. ಸಾಮಾನ್ಯವಾಗಿ ಗೇಜ್‌ನಲ್ಲಿ 0.25ರ ಒಳಗಿದ್ದರೆ ಸರಿ ಅಂತಾರೆ. ಕಾರಣ ಕಣ್ಣೆದುರಿಗೇ ಇತ್ತು: ಬೆಲ್‌ಹೌಸಿಂಗ್‌ಗೆ ಜಾಗ ಕದಲದಂತೆ ಹಿಡಿಯುವ ಡೋವೆಲ್ ಪಿನ್ ಹಾಕೇ ಇರಲಿಲ್ಲ, ಬರೀ ಬೋಲ್ಟ್ ಮೇಲೆ ನಿಂತಿತ್ತು. ಬೋಲ್ಟ್ ಸಡಿಲಿಸಿ, ಮರದ ಸುತ್ತಿಗೆಯಿಂದ ಕೂದಲೆಳೆಯಷ್ಟು ಸರಿಸಿ, ಬಿಗಿದು, ಮತ್ತೆ ಅಳೆದು... ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕೊನೆಗೆ 0.15ಕ್ಕೆ ಬಂತು. ಹಾಗೇ ಬಿಗಿದಿಟ್ಟು ತೂತು ಕೊರೆಸಿ ಎರಡು ಪಿನ್ ಹಾಕಿಸಿದೆ.

ಹೊಸ ಸೀಲ್, ಸರಿಯಾಗಿ ಕೂತ ಗ್ಯಾಸ್ಕೆಟ್, ಹೊಸ ಕ್ಲಚ್ ಪ್ಲೇಟ್. ಎಣ್ಣೆ ಕುಡಿದ ಪ್ಲೇಟ್ ತೊಳೆದು ಹಾಕಿದರೆ ಮತ್ತೆ ನಡುಗುತ್ತದೆ, ಉಳಿಸಲು ಹೋಗಬೇಡಿ.

ಇಷ್ಟೆಲ್ಲ ಮಾಡಿ ಮರುದಿನ ನೋಡಿದರೆ ಗೇರ್‌ಬಾಕ್ಸ್ ಬಾಲದ ಕಡೆ ಹನಿ! ತಪ್ಪು ನನ್ನದೇ. ಮುಂಭಾಗ ಮಾತ್ರ ಎತ್ತಿ ನಿಲ್ಲಿಸಿ ಗೇರ್ ಆಯಿಲ್ ತುಂಬಿಸಿದ್ದೆ. ಎಣ್ಣೆ ಹಿಂದಕ್ಕೆ ಓಡಿ, ತುಂಬುವ ತೂತಿನ ಮಟ್ಟಕ್ಕೆ ಬರುವಷ್ಟರಲ್ಲಿ ಜಾಸ್ತಿಯೇ ಹೋಗಿತ್ತು. ನಾಲ್ಕೂ ಚಕ್ರ ಸಮ ಎತ್ತಿ ಪ್ಲಗ್ ಬಿಚ್ಚಿದೆ, ಹೆಚ್ಚಿನದು ತಾನಾಗೇ ಸುರಿದುಹೋಯಿತು.

ಆಮೇಲೆ ಬೆಲ್‌ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಕೊರೆದು ಸ್ಪ್ಲಿಟ್ ಪಿನ್ (ಎರಡು ಕಾಲಿನ ತಂತಿ ಪಿನ್) ತೂಗುಬಿಟ್ಟೆ. ಹಳೆಯ ಕಾರುಗಳಲ್ಲಿ ಹೀಗೇ ಇರುತ್ತಿತ್ತು. ಓಡುವಾಗ ಪಿನ್ ಅಲುಗಾಡಿ ತೂತು ಕಟ್ಟದ ಹಾಗೆ ನೋಡಿಕೊಳ್ಳುತ್ತದೆ, ಎಣ್ಣೆ ಕ್ಲಚ್ ಹತ್ತಿರ ನಿಲ್ಲುವುದಿಲ್ಲ. ಈಗ ಅದರ ಕೆಳಗೆ ರಟ್ಟು ಇಟ್ಟು ನಿಲ್ಲಿಸುತ್ತೇನೆ. ಬೆಳಿಗ್ಗೆ ಮೂರೋ ನಾಲ್ಕೋ ಹನಿ ಇರುತ್ತವೆ. ಮೂಸಿ ನೋಡಿದ್ದೇನೆ, ಇಂಜಿನ್ ಆಯಿಲ್. ಅದನ್ನು ಹಾಗೇ ಬಿಟ್ಟಿದ್ದೇನೆ.