ನರೇಗಾ ತಪಾಸಣೆಗೆ ಲೈನ್ ಮನೆಗಳಿಗೆ ಹೋದಾಗ

ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಗೆ, ಅಂದರೆ ಕಡತದಲ್ಲಿರುವ ಕೆಲಸ, ಕೂಲಿ ನಿಜವೇ ಎಂದು ಊರವರನ್ನೇ ಕೇಳಿ ನೋಡುವ ತಪಾಸಣೆಗೆ, ಗ್ರಾಮ ಸಂಪನ್ಮೂಲ ವ್ಯಕ್ತಿಯಾಗಿ ಮೂಡಿಗೆರೆ ಕಡೆಯ ಪಂಚಾಯಿತಿಗಳಲ್ಲಿ ಕೆಲಸ ಮಾಡಿದವಳು ನಾನು. ಕಡತ ಕೈಗೆ ಬಂದರೆ ಮೊದಲು ನೋಡುವುದು ಅದು ಯಾವ ತಿಂಗಳ ಕೆಲಸ ಅಂತ. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಕಾಫಿ ಕೊಯ್ಲು, ತೋಟದವರಿಗೆ ಆಳು ಸಿಗುವುದೇ ಕಷ್ಟ. ತೋಟದ ಕೂಲಿಯವರ ಸಾಲುಮನೆಗಳಿಗೆ ನಮ್ಮಲ್ಲಿ ಲೈನ್ ಎನ್ನುತ್ತಾರೆ. ಅದೇ ದಿನಗಳಲ್ಲಿ ಒಂದು ಲೈನಿನ ಅಷ್ಟೂ ಮನೆಯವರು ಇಂಗುಗುಂಡಿ ತೆಗೆಯುತ್ತಿದ್ದರು ಎಂದು ಎನ್‌ಎಂಆರ್ (ಕೂಲಿಕಾರರ ಹಾಜರಾತಿ ಪಟ್ಟಿ) ಹೇಳಿದರೆ ಅಲ್ಲಿಂದಲೇ ಶುರು ಮಾಡುತ್ತೇನೆ. ಜುಲೈ ಜಡಿಮಳೆಯಲ್ಲಿ ಮಣ್ಣುಕೆಲಸ ತೋರಿಸಿದ್ದರೂ ಅಷ್ಟೆ.

2023-24ರ ಅಂಥದ್ದೊಂದು ಕಾಮಗಾರಿ. ಅಳತೆ ಪುಸ್ತಕಕ್ಕೂ ನಮ್ಮ ಟೇಪಿಗೂ ವ್ಯತ್ಯಾಸವೇ ಬರಲಿಲ್ಲ. ಆದರೆ ಗುಂಡಿಯ ಮಳೆ ತಾಗದ ಒಂದು ಮಗ್ಗುಲಲ್ಲಿ ಸಮಾನ ಅಂತರದ ಉದ್ದುದ್ದ ಗೀರುಗಳಿದ್ದವು. ಗುದ್ದಲಿ, ಪಿಕಾಸಿ ಬಿದ್ದ ಗುರುತು ಹಾಗೆ ಸಾಲಾಗಿರುವುದಿಲ್ಲ, ಅದು ಜೆಸಿಬಿ ಹಲ್ಲಿನದು. ಮಣ್ಣೂ ಹಾಗೇ: ಬಾಂಡಲಿಯಲ್ಲಿ ಹೊತ್ತು ಹಾಕಿದ್ದರೆ ದಂಡೆಯುದ್ದಕ್ಕೂ ಹರಡಿರುತ್ತಿತ್ತು, ಇಲ್ಲಿ ಒಂದೇ ಕಡೆ ಗುಡ್ಡೆ ಬಿದ್ದಿತ್ತು.

ನರೇಗಾದಲ್ಲಿ ಗುತ್ತಿಗೆದಾರರಿಗೆ ಜಾಗವಿಲ್ಲ, ಕೂಲಿ ಕಸಿಯುವ ಯಂತ್ರ ಸಾಧ್ಯವಾದಷ್ಟೂ ಬೇಡ ಎಂದೇ ನಿಯಮವಿತ್ತು. ಜೆಸಿಬಿ ಬಾಡಿಗೆಗೆ ಬಿಲ್ ಮಾಡುವಂತಿರಲಿಲ್ಲವಾದ್ದರಿಂದ ಆ ಹಣ ಕೂಲಿಯ ರೂಪದಲ್ಲೇ ಹೊರಗೆ ಬರಬೇಕಿತ್ತು. ಅದಕ್ಕೆ ಹೆಸರು ಬೇಕಿತ್ತು, ಬ್ಯಾಂಕ್ ಖಾತೆ ಬೇಕಿತ್ತು. ಅವು ಸುಲಭವಾಗಿ ಸಿಗುತ್ತಿದ್ದುದು ಲೈನ್ ಮನೆಗಳಲ್ಲಿ.

ಲೈನಿಗೆ ನಾನು ಪಂಚಾಯಿತಿಯವರನ್ನು ಕರೆದುಕೊಂಡು ಹೋಗುವುದಿಲ್ಲ. ಅವರು ಜೊತೆಗಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ತೋಟದ ಕೆಲಸ ಬಿಟ್ಟು ಬಂದು, ಒಲೆ ಹಚ್ಚಿ ಕೂತ ಹೊತ್ತಿಗೆ ಹೋಗಬೇಕು. "ಈ ಕೆಲಸಕ್ಕೆ ಹೋಗಿದ್ರಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಯಾರ ಜಮೀನು, ಬುತ್ತಿ ಎಲ್ಲಿ ಕೂತು ಉಂಡಿರಿ, ಪಕ್ಕದಲ್ಲಿ ಯಾರಿದ್ದರು ಎಂದು ಕೇಳುತ್ತೇನೆ. ದುಡಿದವರಿಗೆ ಇದೆಲ್ಲ ನೆನಪಿರುತ್ತದೆ.

ಒಬ್ಬ ಅಜ್ಜಿಯ ಹೆಸರಲ್ಲಿ ಹನ್ನೆರಡು ದಿನದ ಕೂಲಿ ಬಿದ್ದಿತ್ತು. ಆ ವರ್ಷದ ದರ ದಿನಕ್ಕೆ ₹316, ಒಟ್ಟು ₹3,792. "ದುಡ್ಡು ಬಂದ ದಿನ ನಮ್ ಹೆಸ್ರು ಹಾಕ್ಸಿದೋರೇ ಹೆಬ್ಬೆಟ್ಟು ಮಿಷನ್ ತಂದಿದ್ರು ಕಣಮ್ಮಾ. ಒತ್ತಿಸ್ಕೊಂಡು ನಂಗೆ ಐನೂರು ಕೊಟ್ರು. ಜಾಬ್ ಕಾರ್ಡೂ ಅವ್ರ ಹತ್ರಾನೇ ಇದೆ," ಎಂದರು. ಸ್ವಲ್ಪ ತಡೆದು, "ನಾನು ಹೇಳಿದ್ದು ಅಂತ ಗೊತ್ತಾದ್ರೆ ಪಿಂಚಣಿ ತೆಗೆದುಹಾಕ್ತಾರಾ?" ಎಂದು ಕೇಳಿದರು.

ದುರ್ಬಳಕೆ ತಡೆಯುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಜಾಗ ಇದೇ. ಕಾಗದದಲ್ಲಿ ಸಿಕ್ಕಿಬೀಳುವುದು ಅಜ್ಜಿ: ಹೆಸರು ಅವರದು, ಖಾತೆ ಅವರದು, ಹೆಬ್ಬೆಟ್ಟೂ ಅವರದೇ. ಸುಳ್ಳು ಕೂಲಿಕಾರರೆಂದು ಒಂದು ಸಾಲು ಗೀಚಿ ಉದ್ಯೋಗ ಚೀಟಿ (ಜಾಬ್ ಕಾರ್ಡ್) ರದ್ದು ಮಾಡಿಸಿದರೆ ತಪಾಸಣೆ ಮುಗಿದಂತೆ ಕಾಣುತ್ತದೆ, ಉಳಿದ ಹಣ ತಿಂದವರು ಮುಂದಿನ ವರ್ಷ ಇನ್ನೊಂದು ಲೈನಿಗೆ ಹೋಗುತ್ತಾರೆ. ಹಾಗಾಗಿ ನಾವು ವರದಿಯಲ್ಲಿ ಹಾಜರಾತಿ ಹಾಕಿದವರು ಯಾರು, ಅಳತೆ ಬರೆದವರು ಯಾರು, ಬಿಲ್ಲಿಗೆ ಸಹಿ ಮಾಡಿದವರು ಯಾರು ಎಂದು ಒಂದೊಂದಾಗಿ ಬರೆದು, ಅವರಿಂದಲೇ ವಸೂಲಿಗೆ ಕೇಳಿದೆವು. ಗ್ರಾಮಸಭೆಯಲ್ಲಿ ಅಜ್ಜಿಯನ್ನು ಎದ್ದು ನಿಲ್ಲಿಸಲಿಲ್ಲ. ಫೋಟೋ, ಅಳತೆ, ತಾರೀಖು ಓದಿದೆವು. "ಆ ವಾರ ನಾವೆಲ್ಲ ಹಣ್ಣು ಕುಯ್ತಿದ್ವಲ್ಲ" ಎಂದು ಹಿಂದಿನಿಂದ ಯಾರೋ ಅಂದರು, ಆಮೇಲೆ ಒಬ್ಬೊಬ್ಬರೇ ಮಾತಾಡಿದರು.

ಸಭೆ ಮುಗಿಯುವುದರೊಳಗೆ ಇಟ್ಟುಕೊಂಡಿದ್ದ ಉದ್ಯೋಗ ಚೀಟಿಗಳನ್ನೆಲ್ಲ ವಾಪಸ್ ಕೊಡಿಸಿದೆವು. ಈ ವಯಸ್ಸಿಗೆ ತಮಗೆ ಕೆಲಸವೇ ಇಲ್ಲ ಎಂದು ಅಜ್ಜಿ ನಂಬಿದ್ದರು. ಅರವತ್ತು ದಾಟಿದವರು ಉಳಿದವರ ಅರ್ಧದಷ್ಟು ಕೆಲಸ ಮಾಡಿದರೂ ಪೂರ್ತಿ ಕೂಲಿ ಎಂದು ವಿವರಿಸಿ, ಅಲ್ಲೇ ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿ, ತಾರೀಖು ಹಾಕಿದ ಸ್ವೀಕೃತಿ ಕೈಗೆ ಕೊಡಿಸಿದೆ. ಆ ತಾರೀಖಿನಿಂದ ಹದಿನೈದು ದಿನದೊಳಗೆ ಪಂಚಾಯಿತಿ ಕೆಲಸ ಕೊಡಬೇಕೆಂದು ನಿಯಮವಿತ್ತು.