ಪ್ರೈಮರಿ ನೋಡೋದು ಸ್ಲೈಡರ್ ಎಳೆದು

ಅಮೆರಿಕದ ಪ್ರೈಮರಿ (ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ರಾಜ್ಯವಾರು ಚುನಾವಣೆ) ನಡೆಯುವಾಗ ನಾನು ಬಣ್ಣದ ನಕ್ಷೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ತೆರೆಯುವುದು ಡೆಲಿಗೇಟ್ ಕ್ಯಾಲ್ಕುಲೇಟರ್. ಡೆಲಿಗೇಟ್ ಅಂದರೆ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಪ್ರತಿನಿಧಿ. ಸ್ಲೈಡರ್ ಎಳೆದು ಯಾರಿಗೆ ಶೇಕಡಾ ಎಷ್ಟು ಓಟು ಅಂತ ಕೊಟ್ಟರೆ, ಅವರಿಗೆಷ್ಟು ಡೆಲಿಗೇಟ್ ಅಂತ ಅದು ತೋರಿಸುತ್ತದೆ.

ನಮಗೆಲ್ಲ ಒಂದು ಓಟು ಜಾಸ್ತಿ ಬಂದವರೇ ಗೆದ್ದರು ಅನ್ನೋದು ರೂಢಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದಿದ್ದು ಹಾಗೇ ಅಲ್ವಾ? ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಡೆಲಿಗೇಟ್‌ಗಳನ್ನು ಓಟಿನ ಪ್ರಮಾಣದಲ್ಲಿ ಹಂಚುತ್ತಾರೆ. ಆದರೆ ಶೇ. 15 ಮುಟ್ಟದವರಿಗೆ ಪಾಲೇ ಇಲ್ಲ.

2020ರಲ್ಲಿ ಕ್ಯಾಲಿಫೋರ್ನಿಯಾದ ಮೇಲೆ ಇದನ್ನು ಆಡಿಸಿ ನೋಡಿದೆ. ಅಲ್ಲಿದ್ದ 415 ಡೆಲಿಗೇಟ್‌ಗಳಲ್ಲಿ 144 ಇಡೀ ರಾಜ್ಯದ ಓಟಿನ ಮೇಲೆ ಹಂಚಿಕೆ, ಉಳಿದವು ಕ್ಷೇತ್ರವಾರು. ಮೊದಲಿಬ್ಬರಿಗೆ ಶೇ. 30 ಮತ್ತು 25 ಕೊಟ್ಟೆ. ಮೂರನೆಯವರಿಗೆ 14 ಕೊಟ್ಟರೆ ಆ 144ರಲ್ಲಿ ಸೊನ್ನೆ. 15 ಕೊಟ್ಟರೆ ಸುಮಾರು 31! 15 ಮುಟ್ಟದ ಮಿಕ್ಕವರ ಓಟು ಲೆಕ್ಕಕ್ಕಿಲ್ಲ, ಹಂಚಿಕೆ ಈ ಮೂವರಲ್ಲೇ. ನಿಯಮದ ಪುಟ ಎಷ್ಟು ಓದಿದರೂ ಇಷ್ಟು ಬೇಗ ತಲೆಗೆ ಹೋಗುತ್ತಿರಲಿಲ್ಲ.

ಕ್ಯಾಲಿಫೋರ್ನಿಯಾವೂ ಸೇರಿ ಹಲವು ರಾಜ್ಯಗಳು ಒಂದೇ ದಿನ ಓಟು ಹಾಕುವ ಸೂಪರ್ ಟ್ಯೂಸ್‌ಡೇಗೆ ಮುಂಚೆ, ಸ್ಪರ್ಧೆಯಲ್ಲಿದ್ದ ಬುಟಿಜಜ್, ಕ್ಲೋಬುಚರ್ ಇಬ್ಬರೂ ಹಿಂದೆ ಸರಿದರು. ಆದರೂ ಅವರ ಸ್ಲೈಡರನ್ನು ನಾನು ಸೊನ್ನೆಗೆ ಇಳಿಸಲಿಲ್ಲ. ಅಂಚೆ ಓಟುಗಳು ಆಗಲೇ ಬಿದ್ದಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಬುಟಿಜಜ್‌ಗೆ ಶೇ. 4ರಷ್ಟು ಓಟು ಬಂದೇ ಬಂತು. ಅಲ್ಲಿ ಮತದಾನದ ಸಮಯ ಮುಗಿಯುವುದು ನಮ್ಮ ಬುಧವಾರ ಬೆಳಿಗ್ಗೆ 9:30ಕ್ಕೆ. ಎಣಿಕೆ ಮಾತ್ರ ವಾರಗಟ್ಟಲೆ. ಹಾಗಾಗಿ ಮೊದಲ ದಿನದ ಅಂಕಿಯನ್ನು ನನ್ನ ಎಕ್ಸೆಲ್ ಹಾಳೆಗೆ ಹಾಕುವುದಿಲ್ಲ. ಎಣಿಕೆಯ ರಾತ್ರಿ ಕೆಲವು ಪತ್ರಿಕೆಗಳು ಯಾರು ಗೆಲ್ಲಬಹುದು ಅಂತ ಅಂದಾಜು ಹೇಳುವ, ನಡುಗುವ ಸೂಜಿಯೊಂದನ್ನು ತೋರಿಸುತ್ತವೆ. ಸುಮ್ನೆ ಬಿಪಿ ಏರಿಸುವ ಕೆಲಸ, ನನಗೆ ಬೇಡ.

ರಿಪಬ್ಲಿಕನ್ ಪಕ್ಷದ್ದು ಬೇರೆಯೇ ಕಥೆ. ಅಲ್ಲಿ ರಾಜ್ಯಕ್ಕೊಂದು ನಿಯಮ. 2016ರಲ್ಲಿ ಫ್ಲಾರಿಡಾದ ಅರ್ಧ ಓಟೂ ಬಾರದ ಟ್ರಂಪ್ 99 ಡೆಲಿಗೇಟ್‌ಗಳನ್ನೂ ಬಾಚಿಕೊಂಡರು. ಆ ಪಕ್ಷದ್ದಾದರೆ ಸ್ಲೈಡರ್ ಮುಟ್ಟುವ ಮೊದಲು ಆ ರಾಜ್ಯದ ನಿಯಮ ನೋಡಿಕೊಳ್ಳುತ್ತೇನೆ.

ಕ್ಯಾಲ್ಕುಲೇಟರ್‌ಗಳು ಸಾಮಾನ್ಯವಾಗಿ ಮೊತ್ತ ತೋರಿಸುತ್ತವೆ. ನನಗೆ ಬೇಕಾದ ಅಂಕಿ ಇನ್ನೊಂದು: ಗೆಲ್ಲಲು ಇನ್ನೆಷ್ಟು ಬೇಕು, ಅದು ಉಳಿದಿರುವ ಡೆಲಿಗೇಟ್‌ಗಳಲ್ಲಿ ಶೇಕಡಾ ಎಷ್ಟು. ಅದಕ್ಕೇ ಎಕ್ಸೆಲ್ ಹಾಳೆ. 2020ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾಗಲು ಬೇಕಿದ್ದದ್ದು 1,991 ಡೆಲಿಗೇಟ್. ಹಿಂದಿರುವವರ ಆ ಶೇಕಡಾವಾರು ಪ್ರತಿ ವಾರ ಏರುತ್ತಿದ್ದರೆ, ಟಿವಿಯಲ್ಲಿ ಯಾರು ಏನೇ ಹೇಳಲಿ, ದಾರಿ ಮುಚ್ಚುತ್ತಿದೆ ಅಂತ ಲೆಕ್ಕ. ಆಮೇಲೆ ಕೊರೊನಾ ಬಂದು ರಾಜ್ಯಗಳು ದಿನಾಂಕ ಮುಂದೂಡುತ್ತಾ ಹೋದವು, ನನ್ನ ದಿನಾಂಕದ ಕಾಲಂ ಪೂರ್ತಿ ಅಸ್ತವ್ಯಸ್ತ. ಏಪ್ರಿಲ್ 8ಕ್ಕೇ ಬೈಡನ್ ಎದುರಾಳಿ ಸ್ಯಾಂಡರ್ಸ್ ಪ್ರಚಾರ ನಿಲ್ಲಿಸಿದರು. ಬೈಡನ್ 1,991 ದಾಟಿದ್ದು ಮಾತ್ರ ಜೂನ್‌ನಲ್ಲಿ.