ದೋಣಿ ಟ್ರೇಲರ್‌ನ ಬೇರಿಂಗ್: ನಾನು ನೋಡಿಕೊಳ್ಳುವ ರೀತಿ

ದೋಣಿ ಟ್ರೇಲರ್‌ನ ಚಕ್ರದ ಬೇರಿಂಗ್ ಓಡಿ ಓಡಿ ಸವೆಯುವುದು ಕಡಿಮೆ. ನೀರು ಕುಡಿದು ಹಾಳಾಗುವುದೇ ಜಾಸ್ತಿ. ಕಾರಿನ ಬೇರಿಂಗ್ ವರ್ಷಗಟ್ಟಲೆ ಸದ್ದಿಲ್ಲದೆ ಓಡುತ್ತದೆ, ಟ್ರೇಲರ್‌ದು ಮಾತ್ರ ಇಷ್ಟು ಬೇಗ ಗೊರಗೊರ ಅನ್ನುತ್ತದಲ್ಲ ಎಂದು ಬೇಜಾರು ಮಾಡಿಕೊಳ್ಳುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ನೀರಿಗೆ ಇಳಿಸುವ ಮುಂಚೆ ಹಬ್ (ಬೇರಿಂಗ್ ಕೂತಿರುವ ಚಕ್ರದ ನಡುಭಾಗ) ಆರೋಕೆ ಬಿಟ್ರಾ?

ನಮ್ಮದು ಸಣ್ಣ ಫೈಬರ್ ದೋಣಿ. ಪೀಣ್ಯದ ಹತ್ತಿರ ಒಂದು ಶೆಡ್ಡಿನಲ್ಲಿ ನಿಂತಿರುತ್ತದೆ. ಅದಕ್ಕೆ ನೀರು ತೋರಿಸಬೇಕೆಂದರೆ ಮೈಸೂರಿನ ಕಡೆ ಹೋಗಬೇಕು, ಇಲ್ಲವೇ ಶಿರಾಡಿ ಘಾಟಿ ಇಳಿದು ಮಲ್ಪೆಗೆ. ಅಂದರೆ ಗಂಟೆಗಟ್ಟಲೆ ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿಯುತ್ತದೆ. ಒಳಗಿನ ಬಿಸಿ ಗಾಳಿ ತಟ್ಟನೆ ಕುಗ್ಗುತ್ತದೆ, ಹಿಂದಿನ ಆಯಿಲ್ ಸೀಲ್ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಸೀಲ್ ಇರುವುದೇ ಮುಖ್ಯವಾಗಿ ಗ್ರೀಸ್ ಹೊರಗೆ ಬರದಂತೆ ತಡೆಯಲು, ಅದರ ತುಟಿ ಒಳಮುಖ. ಹೊರಗಿನ ನೀರನ್ನೂ ನೀನೇ ತಡಿ ಅಂದರೆ ಅದಾದರೂ ಏನು ಮಾಡೀತು?

ಹಾಗಾಗಿ ನೀರಿನ ಹತ್ತಿರ ತಲುಪಿದ ಮೇಲೆ ನನಗೆ ಅವಸರವಿಲ್ಲ. ಹಗ್ಗ ಬಿಚ್ಚುವುದು, ಲೈಫ್ ಜಾಕೆಟ್ ತೆಗೆಯುವುದು, ಪೆಟ್ರೋಲ್ ನೋಡುವುದು, ಒಂದು ಕಾಫಿ. ಹಬ್ ಮುಟ್ಟಿದರೆ ತಣ್ಣಗಿರಬೇಕು, ಆಮೇಲೆ ಇಳಿಸುವುದು. ಸಾಧ್ಯವಿದ್ದ ಕಡೆ ಹಬ್ ಮುಳುಗದಷ್ಟು ನೀರಿನಲ್ಲೇ ದೋಣಿ ಜಾರಿಸಿಬಿಡುತ್ತೇನೆ.

ದಾರಿಯಲ್ಲೂ ಅಷ್ಟೇ. ಮದ್ದೂರಿನಲ್ಲಿ ನಿಲ್ಲಿಸಿದಾಗ ಮೊದಲು ಹಬ್, ಆಮೇಲೆ ವಡೆ. ಎರಡೂ ಕಡೆ ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡೋಕಾಗದಷ್ಟು ಬಿಸಿ ಅಂದರೆ ಮುಂದೆ ಹೋಗುವ ಮಾತೇ ಇಲ್ಲ. ಬಿಸಿಲು ಬೀಳುವ ಕಡೆಯದು ಸ್ವಲ್ಪ ಜಾಸ್ತಿ ಬಿಸಿ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಪೂರ್ತಿ ಬಿಚ್ಚಿ ಮಾಡುವುದು ಜೂನ್‌ನಲ್ಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ರಜೆ, ಆ ಕಡಲಿಗೆ ನಮ್ಮ ಪುಟ್ಟ ದೋಣಿ ತಗೊಂಡು ಹೋಗಿ ಏನು ಮಾಡುವುದು. ಟ್ರೇಲರ್ ಜಾಕ್ ಮೇಲೆ ಎತ್ತಿ, ಅಚ್ಚಿನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಮೊದಲು ಚಕ್ರ ಸುಮ್ನೆ ತಿರುಗಿಸಿ ಕೇಳುತ್ತೇನೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. ಆಮೇಲೆ ಡಸ್ಟ್ ಕ್ಯಾಪ್, ಸ್ಪ್ಲಿಟ್ ಪಿನ್, ಕ್ಯಾಸಲ್ ನಟ್, ವಾಷರ್, ಹೊರಗಿನ ಬೇರಿಂಗ್, ಒಂದೊಂದಾಗಿ ಬರುತ್ತವೆ.

ಹಳೇ ಗ್ರೀಸ್ ಒರೆಸಿ ಎಸೆಯುವ ಮುಂಚೆ ನೋಡಬೇಕು. ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಹೋಗಿದೆ. ಬೆರಳಲ್ಲಿ ಉಜ್ಜಿದಾಗ ಮಿಣಮಿಣ ಪುಡಿ ಸಿಕ್ಕಿದರೆ ಲೋಹ ಸವೆದಿದೆ. ಆಮೇಲೆ ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದು, ನಾರು ಬಿಡದ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿಯಬೇಕು. ಒಣಗಿಸೋಕೆ ಏರ್ ಹೊಡೆಯುವವರು ಬೇರಿಂಗ್ ಗಿರ್ರನೆ ತಿರುಗುವ ಹಾಗೆ ಹೊಡೆಯಬೇಡಿ. ರೋಲರ್ ಅನ್ನುವ ಸಣ್ಣ ಉರುಳೆಗಳನ್ನು ಹಿಡಿದಿಡುವ ಕೇಜ್ ಒಡೆದು ಅವು ಹಾರಿದರೆ ಕಣ್ಣು ಹೋಗುತ್ತದೆ.

ಹಬ್ಬಿನೊಳಗೆ ಕೂತಿರುವ ಕಪ್ ಇದೆಯಲ್ಲ, ರೋಲರ್ ಉರುಳುವ ಹೊರಬಳೆ, ಅಸಲಿ ಕಥೆ ಇರುವುದು ಅಲ್ಲಿ. ಒಳಗೆ ನೀರಿಟ್ಟುಕೊಂಡು ತಿಂಗಳುಗಟ್ಟಲೆ ನಿಂತ ಟ್ರೇಲರ್‌ನ ಕಪ್‌ನಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಗೆರೆಯಿಂದ ಗೆರೆಗೆ ಇರುವ ಅಂತರ ನೋಡಿ, ಸರಿಯಾಗಿ ರೋಲರ್‌ನಿಂದ ರೋಲರ್‌ಗೆ ಇರುವಷ್ಟೇ. ರೋಲರ್ ಎಲ್ಲೆಲ್ಲಿ ಕೂತಿತ್ತೋ ಅಲ್ಲಲ್ಲೇ ತುಕ್ಕು ಕಚ್ಚಿರುತ್ತದೆ. ಉಗುರು ಎಳೆದಾಗ ಅಲ್ಲಿ ತಡೆದರೆ ಆ ಬೇರಿಂಗ್ ಮುಗಿಯಿತು, ಎಂಥ ಗ್ರೀಸ್ ಹಾಕಿದರೂ ಅಷ್ಟೇ. ನೀಲಿ ಬಣ್ಣ ತಿರುಗಿದ್ದರೂ ಅಷ್ಟೇ, ಅದು ಸುಟ್ಟಿದೆ.

ಬದಲಿಸುವಾಗ ಕೋನ್ (ರೋಲರ್ ಕೂತಿರುವ ಒಳಭಾಗ), ಕಪ್ ಎರಡೂ ಸೇರಿಸಿ. ಎಸ್.ಪಿ. ರೋಡಿಗೋ ಜೆ.ಸಿ. ರೋಡಿಗೋ ಹಳೇದನ್ನೇ ಹಿಡಿದುಕೊಂಡು ಹೋದರೆ ಅದರ ಮೇಲೆ ಕೊರೆದಿರುವ ನಂಬರ್ ನೋಡಿ ಕೊಡುತ್ತಾರೆ. ಹೊರದೇಶದ ಟ್ರೇಲರ್‌ಗಳಲ್ಲಿ ಎಲ್44649 ಕೋನ್, ಎಲ್44610 ಕಪ್ ಜೋಡಿ ಮಾಮೂಲು. ಇಲ್ಲೇ ವೆಲ್ಡಿಂಗ್ ಮಾಡಿ ಕಟ್ಟಿದ್ದಾದರೆ ಯಾವ ಜೀಪಿನ ಹಬ್ ಹಾಕಿದ್ದಾರೋ ದೇವರಿಗೇ ಗೊತ್ತು. "ಕಪ್ ಚೆನ್ನಾಗೇ ಇರುತ್ತೆ ಬಿಡಿ ಸಾರ್, ಕೋನ್ ಮಾತ್ರ ತಗೊಳ್ಳಿ" ಅನ್ನುತ್ತಾರೆ ಕೆಲವರು. ಬೇಡಣ್ಣ, ಜೋಡಿನೇ ಕೊಡಿ ಅನ್ನಬೇಕು. ಹಳೇ ಕಪ್ ಹೊಸ ರೋಲರನ್ನೂ ತಿನ್ನುತ್ತದೆ. ಆಯಿಲ್ ಸೀಲ್ ಅಂತೂ ಬಿಚ್ಚಿದಾಗಲೆಲ್ಲ ಹೊಸದೇ.

ಹೊಸ ಸೀಲ್ ಹಾಕಿದರೂ ನೀರು ಬರುತ್ತದೆ ಅನ್ನುವವರು ಅಚ್ಚಿನ ಮೇಲೆ ಸೀಲ್ ತುಟಿ ಉಜ್ಜುವ ಜಾಗ ನೋಡಿರುವುದಿಲ್ಲ. ಅಲ್ಲಿ ತುಕ್ಕಿನ ಗೀರಿದ್ದರೆ ತುಟಿ ಹೇಗೆ ಕೂತೀತು? ನುಣುಪು ಎಮರಿ ಪೇಪರ್‌ನಲ್ಲಿ ತಿಕ್ಕಿ ಹೊಳಪು ಬರಿಸಬೇಕು. ಗುಳಿ ಆಳವಾಗಿದ್ದರೆ ಲೇಥ್ ಅಂಗಡಿಯೇ ಗತಿ.

ಗ್ರೀಸ್ ವಿಷಯಕ್ಕೆ ಬಂದರೆ, ಚಾಸಿಗೆ ಹೊಡೆಯುವ ಅಗ್ಗದ್ದು ಬೇಡವೇ ಬೇಡ. ಲಿಥಿಯಂ ಕಾಂಪ್ಲೆಕ್ಸ್ ವೀಲ್ ಬೇರಿಂಗ್ ಗ್ರೀಸ್ ನಡೆಯುತ್ತದೆ, ಉಪ್ಪುನೀರಿಗೆ ಕ್ಯಾಲ್ಸಿಯಂ ಸಲ್ಫೊನೇಟ್ ಇನ್ನೂ ಒಳ್ಳೆಯದು. ಒಂದರ ಮೇಲೊಂದು ಬೆರೆಸಬೇಡಿ, ಕೆಲವು ಜೋಡಿ ಸೇರಿದರೆ ನೀರಾಗಿ ಹರಿದುಹೋಗುತ್ತವೆ. ಅಂಗೈಯಲ್ಲಿ ಒಂದು ಉಂಡೆ ಇಟ್ಟುಕೊಂಡು ಬೇರಿಂಗಿನ ಅಗಲ ಬಾಯಿಯ ಕಡೆಯಿಂದ ಒತ್ತಿ ಒತ್ತಿ ತುಂಬುತ್ತೇನೆ. ಆ ಕಡೆ ಸಂದಿಯಲ್ಲಿ ಸಣ್ಣ ಹುಳುಗಳ ಹಾಗೆ ಗ್ರೀಸ್ ಇಣುಕಬೇಕು, ಸುತ್ತಲೂ. ಮೇಲೆ ಸವರಿದರೆ ಒಳಗೆ ಹೋಗುವುದಿಲ್ಲ.

ನಟ್ ಬಿಗಿಯುವುದರಲ್ಲಿ ಬಲ ತೋರಿಸಬಾರದು. ಈ ಓರೆ ರೋಲರ್ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಮೊದಲು ಗಾಡಿ ಕಟ್ಟುತ್ತಿದ್ದವನು. ತಿರುವಿನಲ್ಲಿ ಪಕ್ಕಕ್ಕೆ ಬೀಳುವ ಒತ್ತಡವನ್ನೂ ತಡೆಯಲಿ ಅಂತಲೇ ಈ ಓರೆ. ಓರೆ ಇರುವುದರಿಂದಲೇ ನಟ್ ಬಿಗಿದಷ್ಟೂ ರೋಲರ್ ಕಪ್‌ನೊಳಗೆ ಸಿಕ್ಕಿಕೊಳ್ಳುತ್ತದೆ. ಚಕ್ರ ತಿರುಗಿಸುತ್ತಾ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ ಎಲ್ಲ ಸರಿಯಾಗಿ ಕೂತ ಮೇಲೆ ಪೂರ್ತಿ ಸಡಿಲಿಸಿ, ಮತ್ತೆ ಬರಿಗೈಯಲ್ಲಿ ಬಿಗಿದು, ಸ್ಪ್ಲಿಟ್ ಪಿನ್ ತೂತು ಸರಿಹೊಂದದಿದ್ದರೆ ಮುಂದಕ್ಕಲ್ಲ, ಹಿಂದಕ್ಕೆ ತಿರುಗಿಸಿ ಹೊಸ ಪಿನ್ ಹಾಕುತ್ತೇನೆ. ಕೂದಲೆಳೆಯಷ್ಟು ಸಡಿಲ ಇರಲೇಬೇಕು.

ಡಸ್ಟ್ ಕ್ಯಾಪ್ ಜಾಗಕ್ಕೆ ಸ್ಪ್ರಿಂಗ್ ಇರುವ, ಗ್ರೀಸ್ ತುಂಬುವ ನಿಪ್ಪಲ್ ಇರುವ ಕ್ಯಾಪ್ ಸಿಗುತ್ತದೆ. ಗ್ರೀಸನ್ನು ಸದಾ ಸ್ವಲ್ಪ ಒತ್ತಡದಲ್ಲಿ ಇಟ್ಟು ನೀರು ಬರದಂತೆ ನೋಡಿಕೊಳ್ಳುತ್ತದೆ. ನಾನೂ ಹಾಕಿದ್ದೇನೆ. ಆದರೆ ಗ್ರೀಸ್ ಗನ್ ಸಿಕ್ಕಿತು ಅಂತ ಪಂಪ್ ಮಾಡುತ್ತಲೇ ಇದ್ದರೆ ಹಿಂದಿನ ಸೀಲ್ ಕಿತ್ತು ಬರುತ್ತದೆ. ಅದು ಇದೆ ಅಂತ ವರ್ಷಕ್ಕೊಮ್ಮೆ ಬಿಚ್ಚುವುದನ್ನೂ ಬಿಡುವ ಹಾಗಿಲ್ಲ.

ಮಲ್ಪೆಯಿಂದ ಬಂದ ಮೇಲೆ ಉಪ್ಪು ತೊಳೆಯಲೇಬೇಕು, ಆದರೆ ವಾಟರ್ ಸರ್ವಿಸ್‌ನವರಿಗೆ ಸೀಲ್ ಕಡೆ ಜೆಟ್ ಹಿಡಿಯಬೇಡಿ ಅಂತ ಮೊದಲೇ ಹೇಳಿ. ದೂರ ಹೋಗುವಾಗ ಬೇರಿಂಗ್, ಗ್ರೀಸ್, ಸೀಲ್ ಎಲ್ಲ ಕೂರಿಸಿದ ಒಂದು ಹಬ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಡುತ್ತೇನೆ. ಘಾಟಿಯಲ್ಲಿ ಕೆಟ್ಟು ನಿಂತರೆ ಕತ್ತಲಲ್ಲಿ ಕಪ್ ಬಡಿಯುತ್ತಾ ಕೂರೋಕಾಗಲ್ಲ, ಹಬ್ಬನ್ನೇ ಬದಲಿಸಿ ಹೊರಡುವುದು. ಜೊತೆಗೆ ಟ್ರೇಲರ್‌ಗೆ ಹೊಂದುವ ಜಾಕ್ ಇದೆಯಾ ನೋಡಿಕೊಳ್ಳಿ, ಕಾರಿನ ಜೊತೆ ಬಂದ ಜಾಕ್ ಎಷ್ಟೋ ಸಲ ಟ್ರೇಲರ್ ಅಚ್ಚಿಗೆ ಎಟುಕುವುದಿಲ್ಲ.